ಹೊಗೆ ನಿಂತ ದಿನ

ಆ ಬುಧವಾರ ಬೆಳಿಗ್ಗೆ ಲವಿನಾ ಆಫೀಸಿಗೆ ಬಂದು ಕೂರುವ ಹೊತ್ತಿಗೆ ಇಲ್ಯಾಸ್ ಆಗಲೇ ಬೆಟ್ಟ ಹತ್ತತೊಡಗಿದ್ದ. ಅವಳಿದ್ದದ್ದು ದುಬೈ ಸಿಲಿಕಾನ್ ಓಯಸಿಸ್‌ನ ಒಂದು ಕಟ್ಟಡದ ನಾಲ್ಕನೇ ಮಹಡಿಯಲ್ಲಿ. ಅವನಿದ್ದದ್ದು ಸಾವಿರದೇಳುನೂರು ಕಿಲೋಮೀಟರ್ ಆಚೆ, ಕೆಂಪು ಸಮುದ್ರದ ನಡುವಿನ ಉಮ್ ರಮಾದ್ ಎಂಬ ಜ್ವಾಲಾಮುಖಿ ದ್ವೀಪದಲ್ಲಿ. ಬೂದಿಯ ತಾಯಿ ಎಂದು ಆ ಹೆಸರಿನ ಅರ್ಥ. ಅಲ್ಲಿ ಮೀನು ಒಣಗಿಸಲು ಬರುವವರು ಇಟ್ಟ ಹೆಸರು.

ಹನ್ನೊಂದು ಜನರ ಆ ಸಣ್ಣ ಕಂಪನಿಯ ಕೆಲಸವೇ ಅದು. ಮನುಷ್ಯರು ಪಕ್ಕದಲ್ಲಿ ಕೂತು ಕಾಯಲಾಗದ ಬೆಟ್ಟಗಳ ಮೇಲೆ ಯಂತ್ರಗಳನ್ನು ಕೂರಿಸುವುದು, ಅವು ಉಪಗ್ರಹದ ಮೂಲಕ ಕಳಿಸುವ ಅಂಕಿಗಳನ್ನು ಓದುವುದು, ಬೆಟ್ಟ ಸಿಡಿಯುವ ಸೂಚನೆ ಕಂಡರೆ ಬಂದರಿನವರಿಗೂ ವಿಮಾನದವರಿಗೂ ತಿಳಿಸುವುದು. ಯಂತ್ರ ಕೂರಿಸುವವನು ಉಪ್ಪಿನಂಗಡಿಯ ಇಲ್ಯಾಸ್. ಅಂಕಿ ಓದುವವಳು ಶಿರ್ವದ ಲವಿನಾ. ಆರು ವರ್ಷಗಳಿಂದ ಇಬ್ಬರೂ ಒಟ್ಟಿಗೆ ಕೆಲಸ ಮಾಡುತ್ತಿದ್ದರೂ ಅವಳು ಒಂದು ಸಲವೂ ಆ ದ್ವೀಪಕ್ಕೆ ಕಾಲಿಟ್ಟವಳಲ್ಲ.

ಎರಡು ದಿನಗಳಿಂದ ಅವಳಿಗೆ ನೆಮ್ಮದಿ ಇರಲಿಲ್ಲ. ಬೆಟ್ಟದ ಬಾಯಿಯಿಂದ ದಿನಕ್ಕೆ ನಾನೂರು ಟನ್ನಿನಷ್ಟು ಗಂಧಕದ ಅನಿಲ ಹೊರಬರುವುದು ವಾಡಿಕೆ. ಅದನ್ನು ಅಳೆಯಲು ಇಳಿಜಾರಿನ ಮೇಲೆ ಒಂದು ಯಂತ್ರವಿತ್ತು. ಅದು ಒಂದು ಗಾಜಿನ ಕಿಂಡಿಯಿಂದ ಆಕಾಶದ ಬೆಳಕನ್ನು ನೋಡಿ, ಅದರಲ್ಲಿ ಅನಿಲ ಎಷ್ಟು ಬೆರೆತಿದೆಯೆಂದು ಲೆಕ್ಕ ಹೇಳುತ್ತಿತ್ತು. ಸೋಮವಾರದಿಂದ ಆ ಲೆಕ್ಕ ಇಳಿಯುತ್ತಾ ಬಂದು ಈಗ ಮೂವತ್ತರ ಕೆಳಗೆ ನಿಂತಿತ್ತು. ಉಪ್ಪಿನ ಗಾಳಿಗೆ ಗಾಜು ಮಸುಕಾಗಿರಬೇಕು ಎಂದು ಮೇಲಧಿಕಾರಿ ಶ್ರೀನಿವಾಸಮೂರ್ತಿ ಹೇಳಿದ್ದರು. ಹೇಗೂ ಇನ್ನೊಂದು ಯಂತ್ರದ ಬ್ಯಾಟರಿ ಬದಲಿಸಲು ಇಲ್ಯಾಸ್ ಆ ಕಡೆಯ ಬಂದರಿಗೆ ಹೋಗಿದ್ದ. ಗಾಜನ್ನೂ ಒರೆಸಿ ಬರಲಿ ಎಂದು ತೀರ್ಮಾನವಾಗಿತ್ತು. ಲವಿನಾ ಎದುರಾಡಿರಲಿಲ್ಲ.

ಎದುರಾಡದ್ದಕ್ಕೆ ಕಾರಣವಿತ್ತು. ಹಿಂದಿನ ವರ್ಷ ರಂಜಾನ್ ತಿಂಗಳಲ್ಲಿ, ಮನುಷ್ಯರ ಕಿವಿಗೆ ಕೇಳದ ಸದ್ದನ್ನು ಹಿಡಿಯುವ ಮೈಕುಗಳು ನಲವತ್ತು ನಿಮಿಷ ಒಂದೇ ಸಮನೆ ಗುದ್ದಿನಂಥ ಸದ್ದುಗಳನ್ನು ಕಳಿಸಿದ್ದವು. ಲವಿನಾ ಯಾರನ್ನೂ ಕೇಳದೆ ಎಚ್ಚರಿಕೆ ಕೊಟ್ಟುಬಿಟ್ಟಿದ್ದಳು. ಬಂದರಿನವರು ಹೋಗಿ ದ್ವೀಪದಲ್ಲಿದ್ದ ಮೀನುಗಾರರನ್ನೆಲ್ಲ ಗದರಿಸಿ ದೋಣಿಗೆ ಹತ್ತಿಸಿದ್ದರು. ಒಣಗಲು ಹಾಕಿದ್ದ ಮೀನು ಅಲ್ಲೇ ಕೊಳೆಯಿತು. ಬೆಟ್ಟ ಮಾತ್ರ ಒಂದು ಕಲ್ಲನ್ನೂ ಉರುಳಿಸಲಿಲ್ಲ. ಆ ಸದ್ದು ದೂರದ ಸಮುದ್ರದಲ್ಲಿ ಯಾವುದೋ ಹಡಗುಗಳು ತೋಪು ಹಾರಿಸಿ ಅಭ್ಯಾಸ ಮಾಡುತ್ತಿದ್ದದ್ದು ಎಂದು ಆಮೇಲೆ ಗೊತ್ತಾಯಿತು. ಮೂರ್ತಿಯವರು ಬೈಯಲಿಲ್ಲ. ಎರಡು ಬೇರೆ ಬೇರೆ ಯಂತ್ರಗಳು ಒಂದೇ ಮಾತು ಹೇಳದೆ ಇನ್ನು ಮೇಲೆ ಎಚ್ಚರಿಕೆ ಕೊಡುವಂತಿಲ್ಲ ಎಂದು ನಿಯಮ ಮಾಡಿದರು, ಅಷ್ಟೆ. ಬೈದಿದ್ದರೆ ಅವಳಿಗೆ ಅಷ್ಟು ನೋಯುತ್ತಿರಲಿಲ್ಲವೇನೋ.

ಆ ಬೆಳಿಗ್ಗೆ ಅಲ್ ಕುಸೈಸ್‌ನ ಮನೆಯಲ್ಲಿ ಮಗಳು ಸ್ಟೇಸಿಯ ಶಾಲೆಯ ಚೀಲಕ್ಕೆ ಊಟದ ಡಬ್ಬಿಯ ಬದಲು ತನ್ನದೇ ಔಷಧಿಯ ಡಬ್ಬಿ ಹಾಕಿದ್ದಳು. "ಮಮ್ಮಾ, ಯೂ ಆರ್ ನಾಟ್ ಈವನ್ ಲುಕಿಂಗ್" ಎಂದು ಮಗಳು ತೆಗೆದುಕೊಟ್ಟ ಮೇಲೆ ಗೊತ್ತಾದದ್ದು. ದಾರಿಯುದ್ದಕ್ಕೂ ಮೂವತ್ತು ಎಂಬ ಆ ಅಂಕಿಯೇ ತಲೆಯಲ್ಲಿ ಸುತ್ತುತ್ತಿತ್ತು.

ಒಂಬತ್ತೂವರೆಗೆ ಹಫ್ಸಳ ಫೋನು ಬಂತು. ಹಫ್ಸ ಇಲ್ಯಾಸನ ಹೆಂಡತಿ. ಅಬುಧಾಬಿಯ ಬನಿಯಾಸ್‌ನಲ್ಲಿ ಮನೆ, ಅಲ್ಲೇ ಹತ್ತಿರದ ಕ್ಲಿನಿಕ್ಕಿನಲ್ಲಿ ರಿಸೆಪ್ಶನ್ ಕೆಲಸ. ಗಂಡ ದ್ವೀಪಕ್ಕೆ ಹೋದಾಗಲೆಲ್ಲ ಅವಳು ಲವಿನಾಗೆ ಫೋನು ಮಾಡುವುದು ರೂಢಿ, ಏಕೆಂದರೆ ಅವನ ಮೊಬೈಲಿಗೆ ಅಲ್ಲಿ ಸಿಗ್ನಲ್ ಇರುವುದಿಲ್ಲ. ಅವನು ದೋಣಿ ಇಳಿದಾಯಿತು, ಎಲ್ಲ ಸರಿಯಿದೆ ಎಂದು ಲವಿನಾ ಹೇಳಿದಳು. ಹೇಳಿ ಫೋನು ಇಟ್ಟ ಮೇಲೆ, ಸರಿಯಿದೆ ಎಂದು ಯಾವ ಧೈರ್ಯದಲ್ಲಿ ಹೇಳಿದೆ ಎಂದು ತನ್ನನ್ನೇ ಕೇಳಿಕೊಂಡಳು.

ಆ ಪ್ರಶ್ನೆಯೇ ಅವಳನ್ನು ಹಳೆಯ ಅಂಕಿಗಳಿಗೆ ಕರೆದೊಯ್ದಿತು. ಅನಿಲದ ಯಂತ್ರ ಲೆಕ್ಕ ಮಾತ್ರ ಕಳಿಸುವುದಿಲ್ಲ. ಪ್ರತಿ ಸಲ ಬೆಳಕು ಹಿಡಿಯಲು ಎಷ್ಟು ಹೊತ್ತು ಬೇಕಾಯಿತು ಎಂಬುದನ್ನೂ ಬರೆದಿಡುತ್ತದೆ. ಗಾಜು ಮಸುಕಾದರೆ ಬೆಳಕು ಕಡಿಮೆಯಾಗುತ್ತದೆ, ಆಗ ಯಂತ್ರ ಹೆಚ್ಚು ಹೊತ್ತು ಕಾಯಬೇಕಾಗುತ್ತದೆ. ಯಾರೂ ನೋಡದ ಆ ಅಂಕಿಗಳ ಸಾಲನ್ನು ಲವಿನಾ ತೆರೆದಳು. ಹೋದ ತಿಂಗಳು ಎಷ್ಟಿತ್ತೋ ಈಗಲೂ ಅಷ್ಟೇ. ಗಾಜು ಸ್ವಚ್ಛವಾಗಿತ್ತು.

ಹೊಗೆ ಬೇರೆ ಕಡೆ ತಿರುಗಿದೆಯೋ ಎಂದು ಗಾಳಿಯ ದಿಕ್ಕು ನೋಡಿದಳು. ಗಾಳಿ ಎಂದಿನ ಕಡೆಯೇ ಬೀಸುತ್ತಿತ್ತು. ಹಾಗಾದರೆ ಅನಿಲ ನಿಜವಾಗಿಯೂ ನಿಂತಿತ್ತು. ಬೆಟ್ಟದ ಗಂಟಲಿಗೆ ಏನೋ ಅಡ್ಡ ಬಿದ್ದಿತ್ತು, ಒಳಗಿನ ಒತ್ತಡ ಹೊರಬರಲು ದಾರಿ ಇರಲಿಲ್ಲ. ಆಮೇಲೆ ಅವಳು ನೆಲದ ಕಂಪನದ ಅಂಕಿಗಳನ್ನು ನೋಡಿದಳು. ದಿನಕ್ಕೆ ಐವತ್ತು ಅರವತ್ತು ಸಣ್ಣ ನಡುಕಗಳು ಬರುತ್ತಿದ್ದ ಕಡೆ ಮುಂಜಾನೆ ಐದರಿಂದ ಒಂದೂ ಇರಲಿಲ್ಲ.

ಗಡಿಯಾರ ನೋಡಿದರೆ ಹತ್ತೂ ನಲವತ್ತು. ಮೂರ್ತಿಯವರು ಅಬುಧಾಬಿಯಲ್ಲಿ ಯಾವುದೋ ಮೀಟಿಂಗಿನಲ್ಲಿದ್ದರು. ಎರಡು ಸಲ ಫೋನು ಮಾಡಿದರೂ ಎತ್ತಲಿಲ್ಲ. ಇಲ್ಯಾಸ್ ಬ್ಯಾಟರಿ ಉಳಿಸಲು ತನ್ನ ಸ್ಯಾಟಲೈಟ್ ಫೋನನ್ನು ಗಂಟೆಗೊಮ್ಮೆ ಐದು ನಿಮಿಷ ಮಾತ್ರ ತೆರೆಯುತ್ತಿದ್ದ. ಹನ್ನೊಂದರವರೆಗೆ ಕಾಯದೆ ಬೇರೆ ದಾರಿಯಿರಲಿಲ್ಲ.

ಆ ಇಪ್ಪತ್ತು ನಿಮಿಷ ಅವಳು ಕೂತಲ್ಲಿ ಕೂರಲಿಲ್ಲ. ಪ್ಯಾಂಟ್ರಿಗೆ ಹೋಗಿ ನೀರು ತುಂಬಿಸಿಕೊಂಡಳು, ಕುಡಿಯದೆ ಮೇಜಿನ ಮೇಲಿಟ್ಟಳು, ಮತ್ತೆ ಹೋಗಿ ಇನ್ನೊಂದು ಲೋಟ ತಂದಳು. ಎರಡು ಯಂತ್ರಗಳು ಒಂದೇ ಮಾತು ಹೇಳಬೇಕು ಎಂಬುದು ನಿಯಮ. ಇಲ್ಲಿ ಎರಡೂ ಏನನ್ನೂ ಹೇಳುತ್ತಿರಲಿಲ್ಲ. ಏನೂ ಹೇಳದಿರುವುದನ್ನು ಸಾಕ್ಷಿ ಎಂದು ಯಾರಾದರೂ ಒಪ್ಪುತ್ತಾರೆಯೇ? ಇನ್ನೊಂದು ಯಂತ್ರವಿತ್ತು, ಇಳಿಜಾರು ಎಷ್ಟು ವಾಲಿದೆಯೆಂದು ಅಳೆಯುವುದು. ಬ್ಯಾಟರಿ ಸೊರಗಿದ್ದರಿಂದ ಅದು ಆರು ಗಂಟೆಗೊಮ್ಮೆ ಮಾತ್ರ ಅಂಕಿ ಕಳಿಸುತ್ತಿತ್ತು. ಮುಂದಿನದು ಬರುವುದು ಹನ್ನೆರಡಕ್ಕೆ. ಅಷ್ಟರಲ್ಲಿ ಇಲ್ಯಾಸ್ ಬೆಟ್ಟದ ಬಾಯಿಯ ಹತ್ತಿರ ಇರುತ್ತಾನೆ. ಹಿಂದಿನ ಸಲದ ಹಾಗೆ ಈ ಸಲವೂ ಆದರೆ? ಎರಡನೇ ಸಲ ಸುಳ್ಳಾದ ಮೇಲೆ ತನ್ನ ಮಾತನ್ನು ಈ ಆಫೀಸಿನಲ್ಲಿ ಯಾರು ಕೇಳುತ್ತಾರೆ?

ಹನ್ನೊಂದಕ್ಕೆ ಸರಿಯಾಗಿ ಫೋನು ಹತ್ತಿತು. ಗಾಳಿಯ ಸದ್ದಿನ ನಡುವೆ ಇಲ್ಯಾಸನ ಏದುಸಿರು ಕೇಳಿಸಿತು.

"ಇಲ್ಯಾಸ್, ಹಿಂದೆ ಇಳಿ. ಗಾಜು ಮಸುಕಾದದ್ದಲ್ಲ. ಅನಿಲ ನಿಂತದ್ದು ನಿಜ."

"ಎಂತ ಮಾರಾಯ್ತಿ, ಇನ್ನು ಇನ್ನೂರು ಮೀಟರ್ ಉಂಟು ಅಷ್ಟೆ. ಒರೆಸಿ ಬ್ಯಾಟರಿ ಹಾಕಿ ಇಳಿಯುತ್ತೇನೆ. ಮೂರ್ತಿ ಸರ್ ಹೇಳಿದ್ದಾ?"

"ಅವರು ಸಿಕ್ಕಲಿಲ್ಲ. ನಾನೇ ಹೇಳುವುದು."

ಹಿಂದಿನ ವರ್ಷದ್ದನ್ನು ಅವನೂ ನೆನೆಯುತ್ತಿದ್ದಾನೆ ಎಂದು ಅವಳಿಗೆ ಅನಿಸಿತು. ಅವಳು ಒಂದೇ ಒಂದು ಪ್ರಶ್ನೆ ಕೇಳಿದಳು.

"ಮೇಲೆ ನೋಡಿ ಹೇಳು. ಹೊಗೆ ಉಂಟಾ?"

"ಇಲ್ಲ." ಗಾಳಿಯನ್ನು ಮೂಸಿ ಅವನೇ ಹೇಳಿದ. "ವಾಸನೆಯೂ ಇಲ್ಲ. ಯಾವಾಗಲೂ ಇಲ್ಲಿಗೆ ಬರುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕಿತ್ತು. ಇವತ್ತು ಕಟ್ಟಿಕೊಂಡೇ ಇಲ್ಲ ನಾನು."

ಇಳಿಯುತ್ತೇನೆ ಎಂದ. ಫೋನು ತೆರೆದೇ ಇಡುತ್ತೇನೆ ಎಂದೂ ಹೇಳಿದ.

ಇಪ್ಪತ್ತೈದು ನಿಮಿಷ ಕಳೆದು ಮೂರ್ತಿಯವರು ಮೀಟಿಂಗಿನ ಹೊರಗೆ ಬಂದು ಫೋನು ಮಾಡಿದರು. ಮೈಸೂರಿನ ಮೇಷ್ಟರ ಮಗ, ಅವಸರದಲ್ಲೂ ನಿಧಾನವಾಗಿ ಮಾತಾಡುವವರು. ಲವಿನಾ ಬೆಳಕಿನ ಲೆಕ್ಕ ಹೇಳಿದಳು, ಗಾಳಿಯದ್ದು ಹೇಳಿದಳು.

"ಸರಿ, ಇದು ಒಂದು ಯಂತ್ರ ಆಯ್ತು. ಎರಡನೇದು ಯಾವುದು ಲವಿನಾ?"

"ಕಂಪನದ್ದು ಸರ್. ಅದು ಬೆಳಿಗ್ಗೆ ಐದರಿಂದ ಏನೂ ತೋರಿಸ್ತಾ ಇಲ್ಲ."

"ಏನೂ ತೋರಿಸದೇ ಇರೋದನ್ನ ಹೇಗೆ ಲೆಕ್ಕಕ್ಕೆ ತಗೊಳ್ತೀರಿ?"

"ದಿನಾ ಅರವತ್ತು ಸಲ ನಡುಗುವ ಬೆಟ್ಟ ಒಮ್ಮೆಲೇ ನಿಂತರೆ ಅದೂ ಒಂದು ಲೆಕ್ಕವೇ ಅಲ್ವಾ ಸರ್?"

ಮೂರ್ತಿಯವರು ಆ ಅಂಕಿಗಳನ್ನು ಇನ್ನೊಮ್ಮೆ ಹೇಳಿಸಿಕೊಂಡರು. ಆಮೇಲೆ, ಇಲ್ಯಾಸನನ್ನು ಇಳಿಸಿಬಿಡಿ, ಬಂದರಿನವರಿಗೆ ನಾನು ಹೇಳುತ್ತೇನೆ ಎಂದರು. ಆಗಲೇ ಇಳಿಸಿದ್ದೇನೆ ಎಂದು ಅವಳು ಹೇಳಿದಾಗ ಅವರು ಒಂದು ಸಲ ಹೂಂ ಎಂದು ಫೋನು ಇಟ್ಟರು.

ಹನ್ನೆರಡಾಗುವಷ್ಟರಲ್ಲಿ ಇಲ್ಯಾಸ್ ದಡಕ್ಕೆ ತಲುಪಿದ. ಅಲ್ಲಿ ತೊಡಕು ಬೇರೆಯೇ ಆಗಿತ್ತು. ಅವನನ್ನು ಕರೆತಂದ ದೋಣಿಯವನು ಉಮರ್. ಉಮರನ ಮಾವನೂ ಇನ್ನು ಐದು ಜನರೂ ದಡದಲ್ಲಿ ಚಪ್ಪರ ಹಾಕಿಕೊಂಡು ಮೀನು ಒಣಗಿಸುತ್ತಿದ್ದರು. ಹೊರಡಿ ಎಂದರೆ ಒಬ್ಬನೂ ಏಳಲಿಲ್ಲ. ಹೋದ ವರ್ಷವೂ ಹೀಗೇ ಓಡಿಸಿದಿರಿ ಎಂದು ಒಬ್ಬ ಹೇಳಿದ. ಫೋನಿನಲ್ಲಿ ಲವಿನಾಗೆ ಹಿಂದಿನ ಗದ್ದಲ ಕೇಳುತ್ತಿತ್ತು. ಯಲ್ಲಾ, ಖಲಾಸ್, ಮಾಫಿ, ಅಂದರೆ ನಡಿ, ಮುಗಿಯಿತು, ಇಲ್ಲ ಎಂಬಷ್ಟು ಬಿಟ್ಟರೆ ಅವಳಿಗೆ ಅರಬ್ಬಿ ಬಾರದು. ಇಲ್ಯಾಸನ ಅರಬ್ಬಿಯೂ ಟ್ಯಾಕ್ಸಿಯವನಿಗೆ ದಾರಿ ಹೇಳುವಷ್ಟು ಮಾತ್ರ.

ಆಗಲೇ ವಾಲಿಕೆಯ ಅಂಕಿ ಬಂತು. ಇಡೀ ಒಂದು ವರ್ಷದಲ್ಲಿ ವಾಲದಷ್ಟು ಆ ಇಳಿಜಾರು ಬರೀ ಆರು ಗಂಟೆಯಲ್ಲಿ ವಾಲಿತ್ತು. ಬೆಟ್ಟ ಒಳಗಿನಿಂದ ಉಬ್ಬುತ್ತಿತ್ತು.

"ಇಲ್ಯಾಸ್, ಮೂರನೇ ಯಂತ್ರವೂ ಹೇಳಿತು. ಈಗಲೇ ಹೊರಡಿ. ಹೇಗಾದರೂ ಹೇಳು ಅವರಿಗೆ."

ಅವನು ಹೇಗೆ ಹೇಳಿದನೋ, ತನ್ನ ಚೀಲವನ್ನೂ ತಂದ ಬ್ಯಾಟರಿಗಳನ್ನೂ ಮರಳಿನಲ್ಲೇ ಬಿಟ್ಟು ದೋಣಿಗೆ ಹತ್ತಿದ್ದನ್ನು ಕಂಡು ಐವರು ಎದ್ದರು. ಉಮರನ ಮಾವ ಏಳಲಿಲ್ಲ. ಚಪ್ಪರದ ಕಂಬ ಹಿಡಿದು ಕೂತಿದ್ದರು. ಮೀನು ಮಗುಚಿ ಹಾಕಬೇಕು, ಸಂಜೆಗೆ ನನ್ನ ಸಣ್ಣ ದೋಣಿಯಲ್ಲಿ ಬರುತ್ತೇನೆ ಎಂದರು. ಅಳಿಯ ಕೈ ಹಿಡಿದು ಎಳೆದ. ಅವರು ಕೈ ಕೊಡವಿಕೊಂಡರು.

"ನಾವಿಬ್ಬರು ಸೇರಿ ಎತ್ತಿ ತರುವುದಾ? ಮುದುಕ ಗಟ್ಟಿ ಉಂಟು, ಹೊಡೆದಾಡುತ್ತಾರೆ. ಹೇಳು, ಎಂತ ಮಾಡುವುದು?" ಎಂದು ಇಲ್ಯಾಸ್ ಕೇಳಿದ.

ಲವಿನಾ ಪರದೆಯ ಕಡೆ ನೋಡಿದಳು. ದೋಣಿಯಲ್ಲಿ ಏಳು ಜನ ಇದ್ದರು, ದಡದಲ್ಲಿ ಒಬ್ಬರು. ಎಷ್ಟು ಹೊತ್ತಿದೆ ಎಂದು ಯಾವ ಯಂತ್ರವೂ ಹೇಳುತ್ತಿರಲಿಲ್ಲ. ಒಂದು ದಿನವಿರಬಹುದು, ಹತ್ತು ನಿಮಿಷವಿರಬಹುದು.

"ನೀವು ಹೊರಡಿ" ಎಂದಳು.

ದೋಣಿ ಹೊರಟಾಗ ಹನ್ನೆರಡೂ ಇಪ್ಪತ್ತು.

ಆಮೇಲಿನ ಹೊತ್ತು ಹೇಗೆ ಹೋಯಿತೆಂದು ಅವಳಿಗೆ ನೆನಪಿಲ್ಲ. ಮುದುಕನನ್ನು ಬಿಟ್ಟು ಬರಲು ಹೇಳಿದ್ದು ತಪ್ಪೇ ಎಂದು ಒಂದು ಗಳಿಗೆ ಅನಿಸುವುದು. ಏನೂ ಆಗದೆ ಸಂಜೆ ಅವರು ಮೀನಿನ ಜೊತೆ ನಗುತ್ತಾ ಬಂದರೆ ನನ್ನ ಗತಿ ಏನು ಎಂದು ಮರುಗಳಿಗೆ ಅನಿಸುವುದು. ಹಾಗಾಗಲಿ, ನಾನು ಸುಳ್ಳಾಗಲಿ ಎಂದು ಅವಳು ಮನಸ್ಸಿನಲ್ಲೇ ಚರ್ಚಿನ ಮಾತೆಯನ್ನು ಪ್ರಾರ್ಥಿಸಿದಳು. ಕೆಲಸಕ್ಕೆ ಸೇರಿದಂದಿನಿಂದ ತನ್ನ ಲೆಕ್ಕ ತಪ್ಪಾಗಲಿ ಎಂದು ಬೇಡಿಕೊಂಡದ್ದು ಅದೇ ಮೊದಲು.

ಒಂದೂ ನಲವತ್ತೇಳಕ್ಕೆ ಕಂಪನದ ಗೆರೆ ಪರದೆಯ ಮೇಲಿನ ಅಂಚಿಗೂ ಕೆಳಗಿನ ಅಂಚಿಗೂ ಹೊಡೆಯಿತು. ಅನಿಲದ ಯಂತ್ರ ಮೊದಲು ಸತ್ತಿತು. ನಂತರ ವಾಲಿಕೆಯದ್ದು. ಕ್ಯಾಮೆರಾ ಕಳಿಸಿದ ಕೊನೆಯ ಚಿತ್ರದಲ್ಲಿ ಆಕಾಶವಿರಲಿಲ್ಲ, ಬರೀ ಕಂದು ಗೋಡೆ. ಹನ್ನೆರಡು ಕಿಲೋಮೀಟರ್ ಆಚೆಯ ಸಣ್ಣ ದ್ವೀಪದಲ್ಲಿದ್ದ ಮೈಕುಗಳು ಮಾತ್ರ ಬದುಕಿದ್ದವು. ಅರ್ಧ ನಿಮಿಷದ ಮೇಲೆ ಆ ಸದ್ದು ಅವನ್ನು ತಲುಪಿತು. ಈ ಸಲ ಅದು ಯಾವ ಹಡಗಿನದ್ದೂ ಆಗಿರಲಿಲ್ಲ.

ಮೂರ್ತಿಯವರು ಅಬುಧಾಬಿಯಿಂದ ಬಂದವರು ಚೀಲವನ್ನೂ ಇಳಿಸದೆ ಅವಳ ಪಕ್ಕ ಕುರ್ಚಿ ಎಳೆದುಕೊಂಡರು. ಇಬ್ಬರೂ ಸೇರಿ ಕೆಲಸ ಮಾಡಿದರು. ಉಪಗ್ರಹದ ಚಿತ್ರದಲ್ಲಿ ಬೂದಿ ಹದಿಮೂರು ಕಿಲೋಮೀಟರ್ ಎತ್ತರಕ್ಕೆ ಏರಿತ್ತು. ಮೇಲಿನ ಗಾಳಿ ಅದನ್ನು ಪೂರ್ವಕ್ಕೆ ಒಯ್ಯುತ್ತಿತ್ತು. ಯಾವ ಎತ್ತರದಲ್ಲಿ, ಯಾವ ದಿಕ್ಕಿನಲ್ಲಿ, ಎಷ್ಟು ದಟ್ಟವಾಗಿ ಎಂದು ವಿಮಾನದವರಿಗೆ ಬರೆದು ಕಳಿಸಿದರು. ಲವಿನಾಳ ಬೆರಳುಗಳು ತಪ್ಪಿಲ್ಲದೆ ಓಡುತ್ತಿದ್ದವು. ಕಣ್ಣು ಮಾತ್ರ ಮೇಜಿನ ಮೇಲಿನ ಫೋನಿನತ್ತ ಹೋಗಿ ಬರುತ್ತಿತ್ತು. ಇಲ್ಯಾಸನ ಸ್ಯಾಟಲೈಟ್ ಫೋನು ಹತ್ತುತ್ತಿರಲಿಲ್ಲ.

ಹಫ್ಸ ಎರಡು ಸಲ ಫೋನು ಮಾಡಿದಳು. ಮೊದಲ ಸಲ ಲವಿನಾ ಎತ್ತಲಿಲ್ಲ. ಎರಡನೇ ಸಲ ಎತ್ತಿ, ದೋಣಿ ಹೊರಟು ಒಂದೂವರೆ ಗಂಟೆಯಾದ ಮೇಲೆ ಬೆಟ್ಟ ಸಿಡಿಯಿತು, ಅವರು ಇಪ್ಪತ್ತು ಕಿಲೋಮೀಟರಾದರೂ ಹೋಗಿರಬೇಕು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಹಫ್ಸ ಅಳಲಿಲ್ಲ. ನೀವು ಅಲ್ಲೇ ಇರಿ ಲವಿನಕ್ಕ, ಬಾತ್‌ರೂಮಿಗೂ ಹೋಗಬೇಡಿ, ಅವರು ಮಾಡಿದರೆ ಎತ್ತಬೇಕು ಎಂದಳು.

ನಾಲ್ಕೂ ಹತ್ತಕ್ಕೆ ಒಂದು ಚಿಕ್ಕ ಸಂದೇಶ ಬಂತು. "ಎಲ್ಲರೂ ಇದ್ದೇವೆ. ಬೂದಿ ಬೀಳ್ತಾ ಉಂಟು. ಮುದುಕರ ದೋಣಿ ಕಾಣಲಿಲ್ಲ."

ಮೂರ್ತಿಯವರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ಲವಿನಾ ಹಫ್ಸಳಿಗೆ ಫೋನು ಮಾಡಿದಳು. ಆಮೇಲೆ ಆ ಸಂದೇಶದ ಕೊನೆಯ ಮಾತನ್ನು ಮತ್ತೆ ಮತ್ತೆ ಓದಿದಳು.

ಮೂರನೇ ದಿನ ಕರಾವಳಿ ಕಾವಲು ಪಡೆಯವರಿಗೆ ಆ ಸಣ್ಣ ದೋಣಿ ತೇಲುತ್ತಾ ಸಿಕ್ಕಿತು, ಖಾಲಿ. ಮುದುಕ ಸಿಗಲಿಲ್ಲ. ಆ ವಾರ ಆಫೀಸಿಗೆ ಮೆಚ್ಚುಗೆಯ ಪತ್ರಗಳು ಬಂದವು. ಒಂದು ವಿಮಾನವೂ ಬೂದಿಗೆ ಸಿಕ್ಕಿಬಿದ್ದಿರಲಿಲ್ಲ, ಏಳು ಜೀವ ಉಳಿದಿತ್ತು. ಮೂರ್ತಿಯವರು ಎಲ್ಲರ ಮುಂದೆ ಲವಿನಾಳ ಹೆಸರು ಹೇಳಿ ಚಪ್ಪಾಳೆ ತಟ್ಟಿಸಿದರು. ಅವಳು ನಿಂತು ತಲೆಯಾಡಿಸಿ ಕೂತಳು. ಅಂದು ಮನೆಗೆ ಹೋಗಿ, ಹೋದ ವರ್ಷದ ಮೈಕುಗಳ ಅಂಕಿಯನ್ನು ಇನ್ನೊಮ್ಮೆ ತೆರೆದು ನೋಡಿದಳು. ಸ್ವಲ್ಪ ತಾಳ್ಮೆಯಿಂದ ನೋಡಿದ್ದರೆ ಆ ಸದ್ದು ಬೆಟ್ಟದ ದಿಕ್ಕಿನಿಂದ ಬಂದದ್ದಲ್ಲ ಎಂದು ಆಗಲೇ ಗೊತ್ತಾಗುತ್ತಿತ್ತು. ಆಗ ಅವರನ್ನು ಓಡಿಸದಿದ್ದರೆ ಈ ಸಲ ಮುದುಕ ನಂಬುತ್ತಿದ್ದರು. ಈ ಯೋಚನೆ ಅವಳನ್ನು ಅಡುಗೆಮನೆಯಲ್ಲೂ ಬಿಡಲಿಲ್ಲ, ಚರ್ಚಿನಲ್ಲೂ ಬಿಡಲಿಲ್ಲ.

ಇಲ್ಯಾಸ್ ಎಂಟು ದಿನ ಕಳೆದು ಮನೆಗೆ ಬಂದ. ಭಾನುವಾರ ಚರ್ಚಿನ ಪೂಜೆ ಮುಗಿಸಿ ಲವಿನಾ ನೇರ ಬನಿಯಾಸ್‌ಗೆ ಹೋದಳು. ಅವನು ಸೋಫಾದಲ್ಲಿ ಒರಗಿ ಕೂತಿದ್ದ. ಮಾತಿನ ನಡುವೆ ಕೆಮ್ಮು ಬರುತ್ತಿತ್ತು. ನೀನು ಹೇಳದಿದ್ದರೆ ನಾನು ಅಲ್ಲಿ ಗಾಜು ಒರೆಸುತ್ತಿದ್ದೆ ಎಂದು ಅವನು ನಕ್ಕ. ಅವಳಿಗೆ ನಗಲಾಗಲಿಲ್ಲ. ಉಮರನ ಜೊತೆ ಮಾತಾಡಬೇಕು, ನನಗೆ ಭಾಷೆ ಬರುವುದಿಲ್ಲ ಎಂದಳು. ಕ್ಲಿನಿಕ್ಕಿನಲ್ಲಿ ಒಂಬತ್ತು ವರ್ಷ ಅರಬ್ಬಿಯಲ್ಲೇ ಮಾತಾಡಿದ ಹಫ್ಸ ಒಗ್ಗರಣೆಯ ಸೌಟನ್ನು ಕೆಳಗಿಟ್ಟು, ಕೈ ಒರೆಸಿಕೊಂಡು ಬಂದಳು.

ಉಮರ್ ಫೋನು ಎತ್ತಿದ. ಹಫ್ಸ ಸ್ಪೀಕರ್ ಹಾಕಿ ಇಬ್ಬರ ನಡುವೆ ಇಟ್ಟಳು. ಹೋದ ವರ್ಷ ನಿಮ್ಮನ್ನೆಲ್ಲ ಓಡಿಸಿದ್ದು ನನ್ನ ತಪ್ಪಿನಿಂದ, ಅದರಿಂದಲೇ ನಿಮ್ಮ ಮಾವ ಈ ಸಲ ನಂಬಲಿಲ್ಲ ಎಂದು ಲವಿನಾ ಹೇಳಿದಳು. ಹಫ್ಸ ಅದನ್ನು ಅರಬ್ಬಿಯಲ್ಲಿ ಹೇಳಿದಳು. ಆ ಕಡೆಯಿಂದ ಉಮರ್ ಬಹಳ ಹೊತ್ತು ನಿಧಾನವಾಗಿ ಮಾತಾಡಿದ. ಹಫ್ಸ ಕೇಳುತ್ತಾ ಕೇಳುತ್ತಾ ಲವಿನಾಳ ಮುಖ ನೋಡಿದಳು.

"ಹೋದ ವರ್ಷದ್ದು ಅಲ್ಲವಂತೆ" ಎಂದಳು. "ಮಾವ ಹೇಳಿದ್ದು ಬೇರೆಯಂತೆ. ಮೂವತ್ತು ವರ್ಷದಿಂದ ಆ ಬೆಟ್ಟ ನೋಡಿದ್ದೇನೆ, ಹೊಗೆ ಬರುವಾಗಲೇ ಹೆದರಲಿಲ್ಲ, ಈಗ ಹೊಗೆ ನಿಂತಿದೆ, ಬೆಟ್ಟ ಮಲಗಿದೆ, ಈಗ ಯಾಕೆ ಓಡುವುದು ಅಂತ. ಹೊಗೆ ನಿಂತರೇ ಕೆಟ್ಟದ್ದು ಅಂತ ಅವರಿಗೆ ಯಾರೂ ಹೇಳಿರಲಿಲ್ಲವಂತೆ. ಹೇಳಿದ್ದರೆ ಅರ್ಥ ಆಗುತ್ತಿತ್ತು, ಅವರು ದಡ್ಡರಲ್ಲ ಅಂತಾರೆ."

ಲವಿನಾ ಆ ಮಧ್ಯಾಹ್ನದ ತನ್ನ ಮಾತುಗಳನ್ನು ಒಂದೊಂದಾಗಿ ನೆನೆದಳು. ಹೊರಡಿ ಎಂದು ಹೇಳಿದ್ದಳೇ ಹೊರತು ಯಾಕೆ ಎಂದು ಅವಳೂ ಹೇಳಿರಲಿಲ್ಲ, ಯಾರೂ ಹೇಳಿರಲಿಲ್ಲ. ಆ ಯಂತ್ರ ಕಳಿಸಿದ ಲೆಕ್ಕ ವಿಮಾನದವರಿಗೆ ಹೋಗುತ್ತಿತ್ತು, ಬಂದರಿನ ಕಚೇರಿಗೆ ಹೋಗುತ್ತಿತ್ತು. ಯಂತ್ರದ ಕೆಳಗೇ ಮೀನು ಒಣಗಿಸುತ್ತಿದ್ದವರಿಗೆ ಮಾತ್ರ ಹೋಗುತ್ತಿರಲಿಲ್ಲ.

ಇನ್ನು ಮುಂದೆ ಬೆಟ್ಟದಲ್ಲಿ ಏನು ಬದಲಾದರೂ ನಿಮಗೇ ನೇರವಾಗಿ ಹೇಳಬೇಕೆಂದಿದ್ದೇನೆ, ಹೇಗೆ ಹೇಳಲಿ ಎಂದು ಅವಳು ಹಫ್ಸಳಿಂದ ಕೇಳಿಸಿದಳು. ಬರೆದು ಕಳಿಸಿದರೆ ದೋಣಿಯವರಲ್ಲಿ ಓದುವವರು ಕಡಿಮೆ, ಧ್ವನಿಯಲ್ಲಿ ಹೇಳಿ ಕಳಿಸಿ, ನನ್ನ ಮಗಳ ಫೋನಿಗೆ ಬಂದರೆ ಅವಳು ಎಲ್ಲ ಮನೆಗಳಿಗೂ ಕೇಳಿಸುತ್ತಾಳೆ ಎಂದು ಉಮರ್ ಹೇಳಿದ. ಕೊನೆಗೆ ಇನ್ನೊಂದು ಮಾತು ಸೇರಿಸಿದ. ದೋಣಿಯನ್ನು ತಾನೇ ತಿರುಗಿಸಿದ್ದು, ಮಾವನನ್ನು ಬಿಟ್ಟು ಬಂದದ್ದು ತಾನು, ಆ ಭಾರ ನಿಮ್ಮದಲ್ಲ ಎಂದ. ಹಫ್ಸ ಅದನ್ನು ಕನ್ನಡದಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಅವನು ಫೋನು ಇಟ್ಟಾಗಿತ್ತು. ಹೊರಡಿ ಎಂದದ್ದು ನಾನು ಎಂದು ಹೇಳಲು ಲವಿನಾಗೆ ಅವಕಾಶವೇ ಸಿಗಲಿಲ್ಲ.

ಊಟಕ್ಕೆ ಎಬ್ಬಿಸಿದರೂ ಅವಳು ಏಳಲಿಲ್ಲ. ಹಫ್ಸಳ ಮಗನ ಶಾಲೆಯ ಪುಸ್ತಕದಿಂದ ಒಂದು ಹಾಳೆ ಹರಿದುಕೊಂಡು, ಬೆಟ್ಟದ ಹೊಗೆ ಎಂದರೇನು, ಅದು ಹೆಚ್ಚಾದರೆ ಏನು, ಕಡಿಮೆಯಾದರೆ ಏನು, ನಿಂತರೆ ಏನು ಎಂದು ಸರಳವಾಗಿ ಬರೆಯತೊಡಗಿದಳು. ಮೈಕ್ರೋ, ಟನ್ನು, ಡಿಗ್ರಿ ಎಂಬ ಮಾತುಗಳು ತಾವಾಗಿಯೇ ಬರುತ್ತಿದ್ದವು. ಒಂದೊಂದನ್ನೇ ಹೊಡೆದು ಹಾಕಿದಳು. ಪಕ್ಕದಲ್ಲಿ ಇಲ್ಯಾಸ್, ವಾಸನೆಯ ಮಾತನ್ನೂ ಹಾಕು, ಅದು ಅವರಿಗೆ ಬೇಗ ತಿಳಿಯುತ್ತದೆ ಎಂದ. ಹಾಕಿದಳು.

ಹಫ್ಸ ಅದನ್ನು ಅರಬ್ಬಿಯಲ್ಲಿ ಮೊದಲ ಸಲ ಹೇಳಿ ರೆಕಾರ್ಡ್ ಮಾಡಿದಾಗ ಇಲ್ಯಾಸನ ಕೆಮ್ಮು ಸೇರಿಕೊಂಡಿತು. ಎರಡನೇ ಸಲ ಕುಕ್ಕರ್ ಕೂಗಿತು. ಮೂರನೇ ಸಲ ಮುಗಿಸಿ ಅವಳು ಲವಿನಾಳ ಕಡೆ ನೋಡಿದಳು.

"ಇದು ಸಾಕಾ ಲವಿನಕ್ಕ?"

"ನಿಂತರೆ ಎನ್ನುವುದನ್ನು ಇನ್ನೊಮ್ಮೆ ಹೇಳಿ ಹಫ್ಸ. ನಿಧಾನವಾಗಿ. ಎರಡು ಸಲ."

ಹಫ್ಸ ಒಲೆ ಆರಿಸಿ ಬಂದು ಫೋನನ್ನು ಮತ್ತೆ ಬಾಯಿಯ ಹತ್ತಿರ ಹಿಡಿದಳು.